ಟೆಂಪ್ಲರ್ ಯೋಧರು ಮತ್ತು ಹುಲಿಗೆಮ್ಮನ ಉತ್ತರ

ಲಿಂಗಸುಗೂರಿನ ಕಾಲೇಜಿಗೆ ಈ ವರ್ಷ ಇತಿಹಾಸದ ಉಪನ್ಯಾಸಕಿಯಾಗಿ ಸೇರಿರುವ ಹುಡುಗಿ ಹೋದ ವಾರ ಸಿಂಧನೂರಿನ ನಮ್ಮ ಮನೆಗೆ ಬಂದಿದ್ದಳು. ಚಹಾದ ಕಪ್ಪು ಕೆಳಗಿಟ್ಟು, "ಮೇಡಂ, ಬಿ.ಎ. ಹುಡುಗ್ರಿಗೆ ಆ ಟೆಂಪ್ಲರ್ ಯೋಧರ ಪಾಠ ಐತಲ್ರಿ, ಅದನ್ನ ನೀವು ಹ್ಯಾಂಗ ಮಾಡ್ತಿದ್ರಿ? ನಾ ಹೇಳಾಕ ಶುರು ಮಾಡಿದ್ರ ಎಲ್ಲಾರೂ ಕಿಟಕಿ ಕಡೆ ನೋಡ್ತಾರ" ಅಂದಳು. ಒಂದು ತಾಸು ಮಾತಾಡಿದೆ. ಅವಳು ಹೋದ ಮೇಲೆ, ಹೇಳಬೇಕಾದದ್ದನ್ನೇ ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಯಾವಾಗ ಸೇರಿದೆ, ಯಾವಾಗ ಬಡ್ತಿ ಬಂತು ಎಂಬುದು ಸೇವಾ ಪುಸ್ತಕದಲ್ಲಿ ಇದೆ, ಅಲ್ಲೇ ಇರಲಿ.

ನಾನು ಮಸ್ಕಿಯವಳು. ಅಪ್ಪ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂಡಿಸಿ ನನಗೆ ಅಕ್ಷರ ತಿದ್ದಿಸಿದವನೂ ಅವನೇ. ನಮ್ಮ ಮನೆತನದಲ್ಲಿ ತಿಂಗಳ ಪಗಾರ ತಂದವಳು ನಾನೇ ಮೊದಲು. ಮೊದಲು ಸಿಂಧನೂರು, ಆಮೇಲೆ ಮಸ್ಕಿ, ಕೊನೆಗೆ ಲಿಂಗಸುಗೂರು: ಇಡೀ ನೌಕರಿ ಒಂದೇ ರಸ್ತೆಯ ಮೂರು ಊರಲ್ಲಿ ಮುಗಿಯಿತು.

ಸಿಂಧನೂರಿನ ಮೊದಲ ವರ್ಷ ಆ ಪಾಠವನ್ನು ನಾನು ಕೊಂದೇ ಹಾಕಿದೆ. ಓದುವಾಗ ಬರೆದುಕೊಂಡಿದ್ದ ನೋಟ್ಸ್ ಹಿಡಿದು, ಇಸವಿ, ಹೆಸರು, ಮತ್ತೆ ಇಸವಿ, ಹೀಗೆ ಉಕ್ತಲೇಖನ ಕೊಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮೇಡಂ, ಟೆಂಪರ್ ಅಂದ್ರ ಸಿಟ್ಟಲ್ರೀ? ಸಿಟ್ಟಿನ ಯೋಧರೇನ್ರಿ ಅವ್ರು?" ಅಂದ. ತರಗತಿ ನಕ್ಕಿತು. ನಾನು ಕೆಂಪಾಗಿ, "ಟೆಂಪರ್ ಅಲ್ಲ, ಟೆಂಪ್ಲರ್. ದೇವಾಲಯದ ಯೋಧರು. ಬರ್ಕೋರಿ" ಅಂದೆ.

ಬಾಗಿಲಲ್ಲಿ ನಮ್ಮ ಪ್ರಿನ್ಸಿಪಾಲರು ನಿಂತಿದ್ದರು. ಗಣಿತದವರು, ಕಡಕ್ ಮನುಷ್ಯ. ಅವರ ಚಪ್ಪಲಿ ಸಪ್ಪಳ ಕೇಳಿದರೆ ಸ್ಟಾಫ್ ರೂಮಿನಲ್ಲಿ ಮಾತು ನಿಲ್ಲುತ್ತಿತ್ತು. ಮಧ್ಯಾಹ್ನ ಕರೆಸಿದರು.

"ನೋಡವಾ, ಆ ಪಾಠದಾಗ ಮನುಷ್ಯಾರು ಯಾರರ ಅದಾರೇನು?"

"ಅದಾರ್ರಿ ಸರ್."

"ಹಂಗಾರ ಅವರ್ನ ಹೊರಗ ಕರಿ. ಹುಡುಗ್ರು ಬಿಡು, ಬಾಗ್ಲಾಗ ನಿಂತು ನಾನೂ ಆಕಳಿಸಿದೆ."

ಬೈಗುಳಕ್ಕೆ ಸಿದ್ಧಳಾಗಿ ಹೋದವಳಿಗೆ ಸಿಕ್ಕಿದ್ದು ಇಷ್ಟೇ. ಆ ನೋಟ್ಸನ್ನು ಟ್ರಂಕಿಗೆ ಹಾಕಿ ಹೊಸದಾಗಿ ಓದತೊಡಗಿದೆ. ಒಳಗೆ ಮನುಷ್ಯರು ನಿಜವಾಗಿಯೂ ಇದ್ದರು. ಹನ್ನೆರಡನೇ ಶತಮಾನದ ಆರಂಭ. ಕ್ರೈಸ್ತ ಸೈನ್ಯಗಳು ಜೆರುಸಲೇಮನ್ನು ಗೆದ್ದು ಇಪ್ಪತ್ತು ವರ್ಷ ಆಗಿತ್ತು. ಅಲ್ಲಿಗೆ ಹೋಗುವ ಯಾತ್ರಿಕರನ್ನು ದಾರಿಯಲ್ಲಿ ದರೋಡೆಕೋರರು ಕೊಲ್ಲುತ್ತಿದ್ದರು. ಬೆರಳಲ್ಲಿ ಎಣಿಸುವಷ್ಟು ಮಂದಿ ಯೋಧರು ಸೇರಿ, "ನಾವು ಮದುವೆ ಆಗುವುದಿಲ್ಲ, ಸ್ವಂತ ಆಸ್ತಿ ಮಾಡುವುದಿಲ್ಲ, ಹೇಳಿದ ಮಾತು ಮೀರುವುದಿಲ್ಲ, ಈ ದಾರಿ ಕಾಯುತ್ತೇವೆ" ಎಂದು ಪ್ರತಿಜ್ಞೆ ಮಾಡಿದರು. ಅಲ್ಲಿನ ದೊರೆ ಅವರಿಗೆ ಇರಲು ಕೊಟ್ಟ ಜಾಗ ಹಳೆಯ ದೇವಾಲಯ ಇದ್ದ ಸ್ಥಳ ಎಂದು ನಂಬಲಾಗಿತ್ತು. ಹಾಗೆ ಅವರಿಗೆ ಟೆಂಪ್ಲರ್‌ಗಳು ಎಂಬ ಹೆಸರು ಬಂತು. ಬಡತನದ ಗುರುತಿಗೆ ಅವರ ಮುದ್ರೆಯಲ್ಲಿ ಒಂದೇ ಕುದುರೆಯ ಮೇಲೆ ಇಬ್ಬರು ಸವಾರರು ಇರುತ್ತಿದ್ದರು. ಇದನ್ನು ಹೇಳಿದ ದಿನ ನಮ್ಮ ಹುಡುಗರು ಕಿಟಕಿ ಬಿಟ್ಟು ನನ್ನ ಕಡೆ ನೋಡಿದರು. ಒಂದೇ ಬೈಕಿನ ಮೇಲೆ ಮೂವರು ಬರುವವರಿಗೆ ಅದು ಬೇಗ ಅರ್ಥವಾಯಿತು.

ಮಸ್ಕಿಗೆ ವರ್ಗವಾದ ಮೇಲೆ ಸಿಕ್ಕ ಯುರೋಪಿನ ಭೂಪಟದ ವಿಷಯ ಹೇಳಲೇಬೇಕು. ಕಾಲೇಜಿನಲ್ಲಿ ಇದ್ದದ್ದು ಅದೊಂದೇ. ಅದರಲ್ಲಿ ಇಲಿ ಸರಿಯಾಗಿ ಫ್ರಾನ್ಸ್ ದೇಶವನ್ನೇ ತಿಂದಿತ್ತು. ಟೆಂಪ್ಲರ್‌ಗಳ ಅರ್ಧ ಕಥೆ ನಡೆಯುವುದು ಫ್ರಾನ್ಸಿನಲ್ಲಿ. ಐದಾರು ವರ್ಷ ಆ ತೂತಿನಲ್ಲಿ ಬೆರಳು ಇಟ್ಟು, "ಇಲ್ಲಿ ಫ್ರಾನ್ಸ್ ಇತ್ತು" ಅಂತ ಪಾಠ ಮಾಡಿದ್ದೇನೆ. ಒಬ್ಬಳು ಪರೀಕ್ಷೆಯಲ್ಲಿ, "ಆ ಕಾಲದಲ್ಲಿ ಫ್ರಾನ್ಸ್ ಎಂಬ ದೇಶ ಇತ್ತು, ಈಗ ಇಲ್ಲ" ಎಂದು ಬರೆದಳು. ಅವಳದು ತಪ್ಪಲ್ಲ.

ಒಂದು ಸಲ ಮಸ್ಕಿಯ ಹುಡುಗರನ್ನು ಮುದಗಲ್ ಕೋಟೆಗೆ ಕರೆದುಕೊಂಡು ಹೋದೆ. ಟೆಂಪ್ಲರ್‌ಗಳ ಕೈಯಲ್ಲಿ ಕೋಟೆಗಳಿದ್ದವು ಎಂದು ಬಾಯಲ್ಲಿ ಹೇಳುವುದಕ್ಕಿಂತ, ಕೋಟೆ ಎಂದರೆ ಏನು, ಅದನ್ನು ಕಾಯಲು ಎಷ್ಟು ಜನ, ಎಷ್ಟು ನೀರು, ಎಷ್ಟು ಕಾಳು ಬೇಕು ಎಂದು ಕಣ್ಣಾರೆ ಕಾಣಲಿ ಎಂಬುದು ನನ್ನ ಯೋಚನೆ. ಬುರುಜಿನ ಮೇಲೆ ಕೂತು ರೊಟ್ಟಿ ತಿನ್ನುವಾಗ ಒಬ್ಬ ಕೇಳಿದ:

"ಮೇಡಂ, ಸನ್ಯಾಸಿಗೆ ಕತ್ತಿ ಯಾಕ್ರೀ?"

"ದಾರಿ ಕಾಯಾಕ."

"ದಾರಿ ಕಾಯಾಕ ಇಷ್ಟು ದೊಡ್ಡ ಕ್ವಾಟಿ ಬೇಕೇನ್ರಿ?"

ರೊಟ್ಟಿ ಮುಗಿಸಿ ಎಲ್ಲರನ್ನೂ ಕೆಳಗೆ ಇಳಿಸಿದೆ. ಬಸ್ಸಿನಲ್ಲಿ ವಾಪಸು ಬರುವಾಗ ತಿಳಿಯಿತು, ಆ ಸಂಘದ ಇಡೀ ಏಳುಬೀಳು ಆ ಹುಡುಗನ ಪ್ರಶ್ನೆಯಲ್ಲೇ ಇದೆ ಎಂದು. ದಾರಿ ಕಾಯಲು ಬಂದವರಿಗೆ ಭಕ್ತರು ಜಮೀನು ಕೊಟ್ಟರು, ಊರುಗಳನ್ನು ಕೊಟ್ಟರು. ಪೋಪ್ ಒಬ್ಬರನ್ನು ಬಿಟ್ಟರೆ ಯಾವ ದೊರೆಗೂ ಅವರು ಉತ್ತರ ಹೇಳಬೇಕಾಗಿರಲಿಲ್ಲ. ರಾಜರು ಕೂಡ ಅವರ ಹತ್ತಿರ ಸಾಲ ಕೇಳುವಂತಾಯಿತು. ಆಮೇಲೆ ಜೆರುಸಲೇಮ್ ಕೈಬಿಟ್ಟಿತು. ನೂರು ವರ್ಷದ ನಂತರ ಸಮುದ್ರ ದಂಡೆಯ ಕೊನೆಯ ದೊಡ್ಡ ಕೋಟೆಯೂ ಹೋಯಿತು. ಈಗ ಅವರಿಗೆ ಕಾಯಲು ದಾರಿ ಇಲ್ಲ, ಆದರೆ ಆಸ್ತಿ ಇದೆ. ಅಂಥವರ ಮೇಲೆ ಕಣ್ಣು ಬೀಳದೆ ಇರುತ್ತದೆಯೆ? ೧೩೦೭ರಲ್ಲಿ ಒಂದು ಶುಕ್ರವಾರ ಬೆಳಗಾಗುವಷ್ಟರಲ್ಲಿ ಫ್ರಾನ್ಸಿನ ದೊರೆ ತನ್ನ ರಾಜ್ಯದಲ್ಲಿದ್ದ ಟೆಂಪ್ಲರ್‌ಗಳನ್ನೆಲ್ಲ ಹಿಡಿಸಿದ. ಧರ್ಮದ್ರೋಹದ ಆರೋಪ ಹೊರಿಸಿ, ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಸಿಕೊಂಡ. ಐದು ವರ್ಷಕ್ಕೆ ಪೋಪ್ ಸಂಘವನ್ನೇ ರದ್ದು ಮಾಡಿದರು. ಇನ್ನೆರಡು ವರ್ಷಕ್ಕೆ, ಪ್ಯಾರಿಸಿನ ಚರ್ಚಿನ ಮುಂದೆ ಜನರ ಎದುರು ಶಿಕ್ಷೆ ಓದುವಾಗ, ಸಂಘದ ಮುದಿ ಮುಖ್ಯಸ್ಥ ಎದ್ದು, ತಾನು ಒಪ್ಪಿಕೊಂಡದ್ದೆಲ್ಲ ಸುಳ್ಳು, ಸಂಘ ನಿರ್ದೋಷಿ ಎಂದ. ಅದೇ ದಿನ ಅವನನ್ನು ಸುಟ್ಟರು.

ಇದನ್ನು ಹೇಳಿ ಮುಗಿಸಿದಾಗ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ. ಆ ಮೌನ ನನಗೆ ಹೆಮ್ಮೆ ತರುತ್ತಿತ್ತು. ಪಾಠ ನನಗೇ ಎಷ್ಟು ಕಡಿಮೆ ತಲುಪಿದೆ ಎಂದು ಆಗ ಗೊತ್ತಿರಲಿಲ್ಲ.

ಲಿಂಗಸುಗೂರಿಗೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಗೋಡೆಗೆ ಪ್ರೊಜೆಕ್ಟರ್ ಬಂತು, ಫ್ರಾನ್ಸ್ ಮತ್ತೆ ಭೂಪಟದಲ್ಲಿ ಕಾಣಿಸಿತು, ಕರೆಂಟು ಹೋದಾಗ ಮತ್ತೆ ಮಾಯವಾಯಿತು. ಹುಡುಗರ ಕೈಗೆ ಮೊಬೈಲ್ ಬಂತು. ನಾನು ಬಾಯಿ ತೆರೆಯುವ ಮೊದಲೇ, "ಅವ್ರ ನಿಧಿ ಇನ್ನೂ ನೆಲದಾಗ ಐತಂತ್ರಿ ಮೇಡಂ, ವಿಡಿಯೋ ನೋಡೀನಿ" ಎನ್ನುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಜಗಳ ಬಿಟ್ಟು ಕೇಳತೊಡಗಿದೆ: ಇದನ್ನು ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತಾಯಿತು? ಹೊಸದಾಗಿ ಬಂದವರಿಗೆ ನಾನು ಕೊಡಬಹುದಾದ ಉಪಾಯ ಇದೊಂದೇ. ನಿಧಿಯ ಬೆನ್ನು ಹತ್ತಿದವರೇ ನಾಲ್ಕು ದಿನದಲ್ಲಿ ಪುಸ್ತಕ ಕೇಳಿಕೊಂಡು ಬರುತ್ತಿದ್ದರು.

ಹುಲಿಗೆಮ್ಮ ನನಗೆ ಸಿಕ್ಕಿದ್ದು ಲಿಂಗಸುಗೂರಿನಲ್ಲಿ, ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ. ಅವಳ ಊರು ಬಳಗಾನೂರು. ಅವ್ವ ಹನುಮವ್ವ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದಳು. ಹುಲಿಗೆಮ್ಮ ಕೂಡ ಓದು ಬಿಟ್ಟು ಎರಡು ವರ್ಷ ಅವ್ವನ ಜೊತೆ ನಾಟಿ ಮಾಡಿ, ಮತ್ತೆ ಬಂದು ಸೇರಿದ್ದಳು. ಹಾಸ್ಟೆಲಿನಲ್ಲಿ ಇದ್ದಳು. ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಮಾತು ಕಡಿಮೆ. ನಾನು ಪಾಠ ಮಾಡುವಾಗ ಬರೆದುಕೊಳ್ಳುತ್ತಿರಲಿಲ್ಲ, ಸುಮ್ಮನೆ ಕೇಳುತ್ತಿದ್ದಳು.

ಆ ವರ್ಷದ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬಂತು: ಟೆಂಪ್ಲರ್ ಯೋಧರ ಸಂಘದ ಏಳುಬೀಳನ್ನು ವಿವರಿಸಿ. ನಾನು ಆ ದಿನ ಕಾಲೇಜಿನ ಪರೀಕ್ಷಾ ಉಸ್ತುವಾರಿಯಲ್ಲಿದ್ದೆ. ಪರೀಕ್ಷೆ ಅರ್ಧ ಆದಾಗ ವಿಶ್ವವಿದ್ಯಾಲಯದ ತನಿಖಾ ತಂಡ ಬಂತು. ಹುಲಿಗೆಮ್ಮನ ಬೆಂಚಿನ ಕೆಳಗೆ ಅವರಿಗೆ ಒಂದು ಚೀಟಿ ಸಿಕ್ಕಿತು. ಗೈಡಿನ ಪುಟವನ್ನು ಸಣ್ಣದು ಮಾಡಿ ಝೆರಾಕ್ಸ್ ಹೊಡೆಸಿದ್ದು, ಬೆರಳುದ್ದದ ಕಾಗದ. ಅದರಲ್ಲಿ ಇದ್ದದ್ದು ಟೆಂಪ್ಲರ್‌ಗಳ ಉತ್ತರ. ಹುಲಿಗೆಮ್ಮ ಆಗ ತಾನೇ ಬರೆದು ಮುಗಿಸಿದ್ದೂ ಅದೇ ಉತ್ತರ.

ಅವಳನ್ನು ಎಬ್ಬಿಸಿ ಆಫೀಸಿಗೆ ಕರೆತಂದರು. ತಂಡದ ಮುಖ್ಯಸ್ಥರು ಕುರ್ಚಿಯಲ್ಲಿ ಕೂತು, ಬಿಳಿ ಹಾಳೆ ಮುಂದೆ ತಳ್ಳಿದರು. "ನಕಲು ಮಾಡಿದ್ದೇನೆ ಅಂತ ಬರೆದು ಸಹಿ ಹಾಕು. ಉಳಿದ ಪೇಪರ್ ಬರೆಯಲು ಬಿಡುತ್ತೇವೆ. ಇಲ್ಲದಿದ್ದರೆ ಇವತ್ತಿಗೇ ನಿನ್ನ ಓದು ಮುಗಿಯಿತು."

"ಚೀಟಿ ನಂದಲ್ರಿ ಸರ್."

"ಎಲ್ಲಾರೂ ಹಂಗೇ ಅಂತಾರ."

ಅವಳು ನನ್ನ ಕಡೆ ನೋಡಿದಳು. ನನಗೆ ಅವಳ ಮೇಲೆ ಸಂಶಯ ಇರಲಿಲ್ಲ. ಆದರೆ ಹೊರಗೆ ಗದ್ದಲ ಶುರುವಾಗಿತ್ತು, ಪರೀಕ್ಷಾ ಕೇಂದ್ರವನ್ನೇ ರದ್ದು ಮಾಡುತ್ತೇವೆ ಎಂದು ಆ ಮನುಷ್ಯ ಆಗಲೇ ಒಮ್ಮೆ ಗದರಿದ್ದರು. ನನಗೆ ಗಾಬರಿ. ಹೇಗಾದರೂ ಮುಗಿದರೆ ಸಾಕಾಗಿತ್ತು. "ಸಹಿ ಮಾಡವ್ವ. ಉಳಿದದ್ದು ಆಮೇಲೆ ನೋಡೋಣು" ಅಂದೆ.

ಪೆನ್ನು ಹಿಡಿದು ಹುಲಿಗೆಮ್ಮ ಮೆಲ್ಲಗೆ ಕೇಳಿದಳು: "ಈಗ ಹೌದಂತ ಬರ್ದು, ಆಮ್ಯಾಲ ಇಲ್ಲ ಅಂದ್ರ ನಡೀತೈತೇನ್ರಿ ಮೇಡಂ? ಆ ಮುದುಕಂದು ನಡೀಲಿಲ್ಲಲ್ರಿ."

ತಂಡದವರಿಗೆ ಅವಳು ಯಾರ ಮಾತು ಆಡುತ್ತಿದ್ದಾಳೆ ಎಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಆದರೂ, "ಅದು ಬ್ಯಾರೆ, ಇದು ಬ್ಯಾರೆ" ಅಂದೆ. ಅವಳು ಸಹಿ ಮಾಡಿದಳು.

ನೌಕರಿಯಲ್ಲಿ ನಾನು ಮಾಡಿದ ತಪ್ಪುಗಳು ಬಹಳ. ಇಲಿ ತಿಂದ ಭೂಪಟದಂಥವನ್ನು ನೆನೆದು ನಗಬಹುದು. ಇದನ್ನು ನೆನೆದು ನಗಲಾರೆ. ಇಪ್ಪತ್ತೈದು ವರ್ಷ ಒತ್ತಾಯದ ತಪ್ಪೊಪ್ಪಿಗೆಯ ಕಥೆ ಹೇಳಿ ತರಗತಿಯನ್ನು ಮೌನಗೊಳಿಸಿದವಳು, ನನ್ನ ಕಣ್ಣೆದುರು ಒಂದು ತಪ್ಪೊಪ್ಪಿಗೆ ಬರೆಸುವಾಗ ಪೆನ್ನಿನ ಕಡೆ ಕೈ ತೋರಿಸಿದ್ದೆ.

ತಿಂಗಳ ನಂತರ ವಿಶ್ವವಿದ್ಯಾಲಯದಿಂದ ವಿಚಾರಣೆಯ ಪತ್ರ ಬಂತು. ಆರೋಪ ಸಾಬೀತಾದರೆ ಅವಳು ಮುಂದಿನ ಪರೀಕ್ಷೆಗಳಿಗೂ ಕೂಡುವಂತಿರಲಿಲ್ಲ. ಅಲ್ಲಿಗೆ ಮತ್ತೆ ನಾಟಿಯೇ. "ನಾನೂ ಬರ್ತೀನಿ" ಎಂದು ಹೇಳಿ ಲಿಂಗಸುಗೂರಿನ ಪ್ರಿನ್ಸಿಪಾಲರಿಂದ ಅನುಮತಿ ಪತ್ರ ತೆಗೆದುಕೊಂಡೆ. ಏನು ಹೇಳಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ನಾನು ಕೈಚೀಲದ ಜಿಪ್ಪನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದೆ.

ವಿಶ್ವವಿದ್ಯಾಲಯದ ವಿಚಾರಣೆ ಕೋಣೆಯಲ್ಲಿ ಮೂವರು ಪ್ರಾಧ್ಯಾಪಕರು. ನಡುವೆ ಕೂತ ಅಧ್ಯಕ್ಷರು ನೆರೆತ ತಲೆಯವರು, ಇತಿಹಾಸ ವಿಭಾಗದವರು. ಫೈಲು ತಿರುಗಿಸಿ ಹೇಳಿದರು:

"ವಿದ್ಯಾರ್ಥಿನಿ ತಪ್ಪು ಒಪ್ಪಿಕೊಂಡಿದ್ದಾಳೆ. ನೀವು ಇಷ್ಟು ದೂರ ಯಾಕೆ ಬಂದಿರಿ ಮೇಡಂ?"

"ಒಪ್ಪಿಕೋ ಅಂದವಳು ನಾನೇ ಸರ್. ಅವಳು ಚೀಟಿ ತನ್ನದಲ್ಲ ಅಂದಿದ್ದಳು. ಅಲ್ಲಿದ್ದ ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ."

"ಈಗ ಕಿವಿಗೆ ಹಾಕಿಕೊಳ್ಳೋಣ. ಆದರೆ ಆಧಾರ ಏನು?"

ಆಧಾರ ನನ್ನ ಹತ್ತಿರ ಇರಲಿಲ್ಲ. "ಅವಳ ಉತ್ತರ ಪತ್ರಿಕೆ ಒಮ್ಮೆ ಓದಬಹುದೇ?" ಎಂದು ಕೇಳಿದೆ. ಕೊಟ್ಟರು.

ದುಂಡನೆಯ ಅಕ್ಷರ. ಎರಡನೇ ಸಾಲಿಗೇ ನನ್ನ ಕಿವಿ ಬಿಸಿಯಾಯಿತು. ಹುಲಿಗೆಮ್ಮ ಬರೆದಿದ್ದಳು: "ಈ ಸಂಘವನ್ನು ಕಟ್ಟಿದವರು ಒಟ್ಟು ಹನ್ನೊಂದು ಜನ, ಅಂದರೆ ಸರಿಯಾಗಿ ಒಂದು ಕ್ರಿಕೆಟ್ ತಂಡ."

ಅದು ನನ್ನ ಮಾತು. ಆ ಪಾಠ ಶುರು ಮಾಡಿದ ದಿನ ಯಾವುದೋ ದೊಡ್ಡ ಮ್ಯಾಚು ಇತ್ತು. ಅರ್ಧ ತರಗತಿ ಖಾಲಿ, ಇದ್ದವರ ಧ್ಯಾನವೂ ಅಲ್ಲೇ. ಅವರನ್ನು ಎಳೆದು ತರಲು, "ಅವರೂ ಒಂದು ಕ್ರಿಕೆಟ್ ತಂಡದಷ್ಟೇ ಇದ್ದರು, ಹನ್ನೊಂದು ಜನ" ಅಂದುಬಿಟ್ಟಿದ್ದೆ. ಎಲ್ಲರೂ ನಕ್ಕರು, ಆ ನಗುವಿನ ಖುಷಿಯಲ್ಲಿ ಮುಂದೆ ಹೋದೆ. ತಿದ್ದಲೇ ಇಲ್ಲ.

ಉತ್ತರ ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟೆ. ಮೂವರು ಪ್ರಾಧ್ಯಾಪಕರ ಎದುರು, ಅದರಲ್ಲೂ ಇತಿಹಾಸದವರ ಎದುರು, ಪಾಠವನ್ನೇ ತಪ್ಪು ಮಾಡಿದ್ದೇನೆ ಎಂದು ಹೇಳುವುದು ಸುಲಭ ಇರಲಿಲ್ಲ. ಆಮೇಲೆ ಕೇಳಿದೆ:

"ಸರ್, ಚೀಟಿಯಲ್ಲಿ ಎಷ್ಟು ಜನ ಅಂತ ಇದೆ?"

ಅಧ್ಯಕ್ಷರು ಕನ್ನಡಕ ಏರಿಸಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. "ಒಂಬತ್ತು. ಎಲ್ಲ ಪುಸ್ತಕದಲ್ಲೂ ಅಷ್ಟೇ ಇರುವುದು."

"ಇವಳು ಹನ್ನೊಂದು ಅಂತ ಬರೆದಿದ್ದಾಳೆ. ಕ್ರಿಕೆಟ್ ತಂಡ ಅಂತ ಬೇರೆ ಬರೆದಿದ್ದಾಳೆ. ಈ ತಪ್ಪು ಯಾವ ಗೈಡಿನಲ್ಲೂ ಸಿಗುವುದಿಲ್ಲ. ತರಗತಿಯಲ್ಲಿ ಹೇಳಿದವಳು ನಾನು."

ಅವರು ಉತ್ತರ ಪತ್ರಿಕೆಯನ್ನು ತೆಗೆದುಕೊಂಡು ಓದಿದರು. ಚೀಟಿಯನ್ನು ಪಕ್ಕದಲ್ಲಿಟ್ಟು ಮತ್ತೆ ಓದಿದರು. ಬಲಗಡೆ ಕೂತವರು, "ವಿದ್ಯಾರ್ಥಿನಿಯನ್ನು ಉಳಿಸಲು ಈಗ ಹೀಗೆ ಹೇಳುತ್ತಿರಬಹುದಲ್ಲ?" ಅಂದರು. ಅವರ ಸಂಶಯ ನ್ಯಾಯವಾದದ್ದೇ.

"ಅದೇ ಕಾಲೇಜಿನ ಉಳಿದ ಉತ್ತರ ಪತ್ರಿಕೆ ತರಿಸಿ" ಎಂದು ಅಧ್ಯಕ್ಷರು ಸಿಬ್ಬಂದಿಗೆ ಹೇಳಿದರು.

ಬಂಡಲು ಬರಲು ಅರ್ಧ ತಾಸು ಹಿಡಿಯಿತು. ಹುಲಿಗೆಮ್ಮ ಗೋಡೆಗೆ ಆತು ನಿಂತಿದ್ದಳು. ಕೂಡು ಎಂದರೂ ಕೂಡಲಿಲ್ಲ. ಬಂಡಲು ಬಿಚ್ಚಿದರು. ಮೊದಲನೆಯವನು ಆ ಪ್ರಶ್ನೆಯನ್ನೇ ಬಿಟ್ಟಿದ್ದ. ಎರಡನೆಯದರಲ್ಲಿ "ಒಂಬತ್ತು". ಮೂರನೆಯದನ್ನು ಅಧ್ಯಕ್ಷರು ಗಟ್ಟಿಯಾಗಿ ಓದಿದರು: "ಹನ್ನೊಂದು ಮಂದಿ ಯೋಧರು ಕ್ರಿಕೆಟ್ ಟೀಮಿನಂತೆ ಒಟ್ಟಾಗಿ..." ನಾಲ್ಕನೆಯದರಲ್ಲೂ ಹನ್ನೊಂದು. ಐದನೆಯವಳು ಒಂದು ಹೆಜ್ಜೆ ಮುಂದೆ ಹೋಗಿ, ಅವರಲ್ಲಿ ಒಬ್ಬ ನಾಯಕ ಇದ್ದ ಎಂದು ಬರೆದಿದ್ದಳು. ಅಧ್ಯಕ್ಷರ ಭುಜ ಅಲುಗತೊಡಗಿತು. ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಮೇಡಂ, ನಿಮ್ಮ ಕ್ಲಾಸೇ ತಪ್ಪು ಬರೆದಿದೆಯಲ್ರಿ!"

"ಹೌದು ಸರ್. ಅಂಕ ಕಳೆಯುವುದಿದ್ದರೆ ನನ್ನದು ಕಳೆಯಿರಿ."

ಅವರು ಹುಲಿಗೆಮ್ಮನ ಕಡೆ ತಿರುಗಿದರು. ನಗು ಹೋಗಿತ್ತು. "ತಂಗಿ, ಆ ಚೀಟಿ ನಿಂದಲ್ಲ ಅಂತ ನಾವು ಬರೆದು ಕಳಿಸುತ್ತೇವೆ. ಹೋಗಿ ಊಟ ಮಾಡು."

ಹುಲಿಗೆಮ್ಮ ಆಗ ಕೂತಳು. ಗೋಡೆಗೆ ಜಾರಿ, ನೆಲದ ಮೇಲೆಯೇ.

ಆ ಚೀಟಿ ಯಾರದು ಎಂದು ಇವತ್ತಿಗೂ ತಿಳಿದಿಲ್ಲ. ಹುಡುಕಲೂ ಹೋಗಲಿಲ್ಲ. ವಾಪಸು ಬಂದ ಮರುದಿನ ಮೊದಲ ಪಿರಿಯಡ್ಡಿನಲ್ಲೇ ಹಲಗೆಯ ಮೇಲೆ ದೊಡ್ಡದಾಗಿ "ಒಂಬತ್ತು" ಎಂದು ಬರೆದೆ.

ಹದಿನೈದು ದಿನಕ್ಕೆ ಆದೇಶ ಕಾಲೇಜಿಗೆ ಬಂತು. ಸುದ್ದಿ ತಿಳಿದು ಹುಲಿಗೆಮ್ಮನ ಜೊತೆ ಹನುಮವ್ವ ಬಂದಳು. ನಾಟಿ ಬಿಟ್ಟು ಬಂದವಳು, ಉಗುರಿನ ಸಂದಿಯಲ್ಲಿ ಇನ್ನೂ ಕೆಸರು ಇತ್ತು. ಆಫೀಸಿನಲ್ಲಿ ನಾನು ಕಾಗದ ತೋರಿಸಿ, "ನಿನ್ನ ಮಗಳದು ಏನೂ ತಪ್ಪಿಲ್ಲ ಅಂತ ಬರ್ದಾರವ್ವ" ಅಂದೆ. ಹನುಮವ್ವ ಕಾಗದ ಮುಟ್ಟಲಿಲ್ಲ.

"ಆವತ್ತು ಇಕೀನ ಎಲ್ಲಿಂದ ಎಬ್ಬಿಸ್ಕೊಂಡು ಬಂದ್ರಿ ಮೇಡಂನೋರ?"

"ಆ ದೊಡ್ಡ ಹಾಲಿನ್ಯಾಗಿಂದ."

"ಎಷ್ಟು ಮಂದಿ ನೋಡಿದ್ರು?"

"ಎಲ್ಲಾರೂ ನೋಡಿದ್ರವ್ವ."

"ಹಂಗಾರ ಇದನ್ನ ಅಲ್ಲೇ ಓದ್ರಿ. ಅಷ್ಟೂ ಮಂದಿ ಮುಂದ ಓದ್ರಿ. ಕಾಗದ ಮನ್ಯಾಗ ಇಟ್ಕೊಂಡು ನಾ ಏನ್ ಮಾಡ್ಲಿ? ನನಗ ಓದಾಕ ಬರಂಗಿಲ್ಲ, ಊರ ಬಾಯಿಗೆ ಇದು ಕಾಣಂಗಿಲ್ಲ."

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಿಯಮದಲ್ಲಿ ಅಂಥದ್ದೇನೂ ಇಲ್ಲ. ಆದರೆ ಅವರು ಒಳ್ಳೆಯ ಮನುಷ್ಯ, ಬೆಲ್ಲು ಬಾರಿಸಲು ಹೇಳಿದರು. ಬಿ.ಎ. ಮೂರೂ ವರ್ಷದವರು ಹಾಲಿಗೆ ಬಂದರು. ಹುಲಿಗೆಮ್ಮ ಪರೀಕ್ಷೆಯ ದಿನ ಕೂತಿದ್ದ ಸಾಲಿನಲ್ಲೇ ಹೋಗಿ ಕೂತಳು, ಪಕ್ಕದಲ್ಲಿ ಹನುಮವ್ವ. ನಾನು ಆದೇಶವನ್ನು ಮೊದಲಿಂದ ಕೊನೆವರೆಗೆ ಓದಿದೆ. ಆಮೇಲೆ ಕಾಗದದಲ್ಲಿ ಇಲ್ಲದ್ದನ್ನೂ ಹೇಳಿದೆ: "ಆವತ್ತು ಸಹಿ ಮಾಡು ಅಂದವಳು ನಾನು. ಚೀಟಿ ತನ್ನದಲ್ಲ ಅಂತ ಅವಳು ಅಂದಿದ್ದಳು. ಅವಳ ಮಾತು ಕೇಳದ್ದು ನನ್ನ ತಪ್ಪು."

ಹನುಮವ್ವ ಎದ್ದು ನಿಂತಳು.

"ಇನ್ನೊಮ್ಮೆ ಓದ್ರಿ."

"ಏನು?"

"ಇಕೀದು ತಪ್ಪಿಲ್ಲ ಅನ್ನೋ ಸಾಲು."

ಓದಿದೆ. ಯಾರೋ ಹುಡುಗಿ ಚಪ್ಪಾಳೆ ಶುರು ಮಾಡಿದಳು, ಹಾಲು ತುಂಬ ಚಪ್ಪಾಳೆ ಆಯಿತು. ಹುಲಿಗೆಮ್ಮ ಮುಖ ಮುಚ್ಚಿಕೊಂಡಿದ್ದಳು. ಹನುಮವ್ವ ಸೆರಗು ಸರಿಮಾಡಿಕೊಂಡು, ಸುತ್ತಲೂ ಒಬ್ಬೊಬ್ಬರ ಮುಖವನ್ನೂ ನೋಡಿ, "ಸಾಕ್ರಿ. ಈಗ ಆತು" ಅಂದಳು. ಮಗಳ ಬೆನ್ನಿಗೆ ಒಂದು ಸಣ್ಣ ಏಟು ಕೊಟ್ಟು, "ಏಳಬೇ, ಯಾಕ ಅಳ್ತಿ? ನನ್ನ ಬಸ್ಸಿನ ತನಕ ಬಾ" ಎಂದು ಕರೆದುಕೊಂಡು ಹೊರಟಳು.

ನಾನು ಸ್ಟಾಫ್ ರೂಮಿಗೆ ಬಂದು ಡಬ್ಬಿ ಬಿಚ್ಚಿದೆ. ರೊಟ್ಟಿ, ಪುಂಡಿಪಲ್ಯ. ಆ ಸಹಿ ಆದ ದಿನದಿಂದ ಡಬ್ಬಿ ಹಾಗೇ ಮನೆಗೆ ಹೋಗುತ್ತಿತ್ತು, ಇಲ್ಲವೇ ತಿಂದದ್ದು ಏನೆಂದು ತಿಳಿಯುತ್ತಿರಲಿಲ್ಲ. ಆವತ್ತು ಪಲ್ಯದ ಹುಳಿ ನಾಲಗೆಗೆ ತಾಗಿತು. ಎರಡು ರೊಟ್ಟಿ ತಿಂದು, ಪಕ್ಕದವರ ಡಬ್ಬಿಗೂ ಕೈ ಹಾಕಿದೆ.